ಗದ್ದೆಮ್ಮನ ಕಾಲ್ದೆಸೆ

ಅಂಬಪ್ಪನಿಗೆ ದೀಕ್ಷಾಸ್ನಾನದ ದಿನ ಯಾಕೋಬ ಎಂದು ಹೆಸರಿಟ್ಟರು. ಆ ಹೆಸರಿನಿಂದ ಅವನನ್ನು ಕರೆದವರು ಇಬ್ಬರೇ. ಒಬ್ಬರು ಹೆಸರಿಟ್ಟ ಉಪದೇಶಿ ಸತ್ಯದಾಸಪ್ಪ, ಅದೂ ಭಾನುವಾರದ ದಿನ ಮಾತ್ರ. ಇನ್ನೊಬ್ಬ, ಮುಸಲ್ಮಾನರ ಖಬರಸ್ತಾನದಲ್ಲಿ ಕುಣಿ ತೋಡುತ್ತಿದ್ದ ದಾದೇಸಾಬ. ಯಾಕೂಬ ಎಂಬುದು ನಮ್ಮಲ್ಲೂ ಇರುವ ಹೆಸರು, ಆದ್ದರಿಂದ ನೀನು ಅರ್ಧ ನಮ್ಮವನೇ ಎಂದು ಅವನು ಚೇಷ್ಟೆ ಮಾಡುತ್ತಿದ್ದ. ಮಿಕ್ಕ ಲಿಂಗಸುಗೂರಿಗೆಲ್ಲ ಅವನು ಹುಟ್ಟಿದಾಗಿನಿಂದ ಸಾಯುವತನಕ ಕುಣಿ ಅಂಬಪ್ಪ.

ಕುಣಿ ತೋಡುವುದು ಅವನು ಆರಿಸಿಕೊಂಡ ಕೆಲಸವಲ್ಲ. ನಿಜಾಮರ ಸೀಮೆಯಲ್ಲಿ ಊರ ಹೊರಗಿನ ಕೇರಿಯಲ್ಲಿ ಹುಟ್ಟಿದವರಿಗೆ ಕೆಲಸ ಆರಿಸಿಕೊಳ್ಳುವ ಉಸಾಬರಿಯೇ ಇರಲಿಲ್ಲ. ಒಂದು ಮನೆತನದವರು ಸತ್ತ ದನ ಎಳೆಯಬೇಕು, ಇನ್ನೊಂದು ಮನೆತನದವರು ಸಾವಿನ ಸುದ್ದಿ ಹೊತ್ತು ಮಸ್ಕಿಗೋ ಸಿಂಧನೂರಿಗೋ ನಡೆಯಬೇಕು, ಅಂಬಪ್ಪನ ಮನೆತನದವರು ಊರಿನ ಕುಣಿ ತೋಡಬೇಕು. ಕೂಲಿ ಕೇಳಿದರೆ ಗೌಡನ ಕಾರಭಾರಿ ವಿರೂಪಾಕ್ಷಪ್ಪ ಬೆನ್ನ ಮೇಲೆ ಕಲ್ಲು ಹೊರಿಸಿ ಬಿಸಿಲಲ್ಲಿ ನಿಲ್ಲಿಸುತ್ತಿದ್ದ. ಕೂಲಿಯಿಲ್ಲದ ಈ ಚಾಕರಿಗೆ ಬೇಗಾರಿ ಎಂದು ಹೆಸರು. ಕೇಳಿದವರಿಗೆ ಏನೋ ದೊಡ್ಡ ಹುದ್ದೆ ಅನ್ನಿಸಬೇಕು, ಹಾಗಿದೆ ಹೆಸರು.

ಅಂಬಪ್ಪನ ಅಪ್ಪ ಮಾತ್ರ ಕೆಲವು ಕಾಲ ಕೂಲಿಯ ಮುಖ ಕಂಡಿದ್ದ. ಆಗ ಲಿಂಗಸುಗೂರು ಛಾವಣಿಯಲ್ಲಿ ಇಂಗ್ಲಿಷರ ಕೈಕೆಳಗಿನ ದಂಡು ಇತ್ತು. ಬಿಸಿಲಿಗೋ ಜ್ವರಕ್ಕೋ ಬಿಳಿಯರು ಸಾಯುತ್ತಿದ್ದರು, ಅವರ ಕುಣಿ ತೋಡಿದವನಿಗೆ ಅಂದೇ ಕೂಲಿ ಸಿಗುತ್ತಿತ್ತು. ಕಾಲಾಂತರದಲ್ಲಿ ದಂಡು ಎದ್ದು ಹೋಯಿತು, ಗೋರಿಗಳು ಉಳಿದವು. ಅಪ್ಪನ ಬೆನ್ನು ಹತ್ತಿ ಅಲ್ಲಿಗೆ ಹೋಗುತ್ತಿದ್ದ ಅಂಬಪ್ಪ ಒಂದು ಸಂಗತಿ ಕಂಡುಕೊಂಡಿದ್ದ. ಆ ಗೋರಿಗಳು ಎಲ್ಲವೂ ಒಂದೇ ಕಡೆಗೆ ಕಾಲು ಚಾಚಿದ್ದವು. ಯಾಕೆ ಎಂದು ಕೇಳಿದರೆ, ದೊರೆಗಳ ಪದ್ಧತಿ, ನಿನಗೇಕೆ ಎಂದು ಅಪ್ಪ ಬಾಯಿ ಮುಚ್ಚಿಸಿದ್ದ.

ಅದಕ್ಕೆ ಉತ್ತರ ಸಿಕ್ಕಿದ್ದು ಅವನು ಮದುವೆಯಾದ ಮೇಲೆ, ಉಪದೇಶಿ ಸತ್ಯದಾಸಪ್ಪ ರಾಯಚೂರಿನಿಂದ ಬಂದು ಕೇರಿಯಲ್ಲಿ ನೆಲೆಸಿದಾಗ. ತೆಳ್ಳಗಿನ ಮನುಷ್ಯ, ದಪ್ಪ ಮೀಸೆ, ಕಂಕುಳಲ್ಲಿ ಸದಾ ಒಂದು ಛತ್ರಿ. ದೇವರು ಈ ಲೋಕವನ್ನು ಹೇಗೆ ಮಾಡಿದ ಎನ್ನುವುದಕ್ಕಿಂತ ಹೇಗೆ ಮುಗಿಸುತ್ತಾನೆ ಎನ್ನುವುದನ್ನು ಹೇಳುವುದರಲ್ಲಿ ಅವರಿಗೆ ಹೆಚ್ಚು ಹುರುಪು. ಬೇವಿನ ಮರದ ಕೆಳಗೆ ಕೇರಿಯವರನ್ನು ಕೂರಿಸಿಕೊಂಡು ಅವರು ಆ ಕಡೆಯ ದಿನದ ವರ್ಣನೆ ಮಾಡುತ್ತಿದ್ದರು. ಆಕಾಶದಲ್ಲಿ ತುತ್ತೂರಿ ಊದುತ್ತಾರೆ. ಸತ್ತವರೆಲ್ಲ ಎದ್ದು ಕೂರುತ್ತಾರೆ. ಲೋಕವನ್ನೆಲ್ಲ ಕೆಡಿಸಿದ ಘಟಸರ್ಪವನ್ನು ಸರಪಳಿಯಲ್ಲಿ ಬಿಗಿದು ಬೆಂಕಿಯ ಕೆರೆಗೆ ಎಸೆಯುತ್ತಾರೆ. ಎಲ್ಲಕ್ಕೂ ಕಡೆಗೆ ಸಾವನ್ನೇ ಹಿಡಿದು ಅದೇ ಕೆರೆಗೆ ಹಾಕುತ್ತಾರೆ. ಆಮೇಲೆ ದೇವರು ಜನರ ನಡುವೆಯೇ ಬಂದು ಇರುತ್ತಾನೆ, ಒಬ್ಬೊಬ್ಬರ ಕಣ್ಣೀರನ್ನೂ ತಾನೇ ಒರಸುತ್ತಾನೆ.

ಕೇರಿಯವರಿಗೆ ಇದು ಹಿಡಿಸಿತು. ಹಿಡಿಸದೆ ಏನು ಮಾಡೀತು, ಬೇಗಾರಿ ಮಾಡಿ ಬೆನ್ನು ಮುರಿದವರಿಗೆ ಘಟಸರ್ಪದ ಗುರುತು ಬೇರೆ ಹೇಳಬೇಕಾಗಿರಲಿಲ್ಲ. ಕಾರಭಾರಿ ವಿರೂಪಾಕ್ಷಪ್ಪನನ್ನೂ ಆ ಕೆರೆಗೆ ಹಾಕುತ್ತಾರೋ ಹೇಗೆ ಎಂದು ಒಬ್ಬರು ಕೇಳಿಯೂ ಬಿಟ್ಟರು. ತೀರ್ಪು ಮಾಡುವುದು ನಮ್ಮ ಕೆಲಸವಲ್ಲ ಎಂದು ಉಪದೇಶಿಗಳು ಹೇಳಿದರು, ಆದರೆ ಇಲ್ಲ ಎಂದೂ ಹೇಳಲಿಲ್ಲ. ಅಂಬಪ್ಪನ ಸಂಶಯ ಬೇರೆ ಇತ್ತು. ಸಾವೇ ಇಲ್ಲ ಎಂದ ಮೇಲೆ ತನ್ನ ಕೆಲಸದ ಗತಿ ಏನು ಎಂದು ಅವನು ಕೇಳಿದ. ನಿನಗೆ ಅವತ್ತಿನಿಂದ ಕಾಯಂ ರಜೆ ಎಂದರು ಉಪದೇಶಿಗಳು. ರಜೆ ಎಂಬ ಮಾತನ್ನು ತನ್ನ ಬಗ್ಗೆ ಒಬ್ಬರು ಆಡಿದ್ದನ್ನು ಅಂಬಪ್ಪ ಕೇಳಿದ್ದು ಅದೇ ಮೊದಲು. ಆ ವರ್ಷ ಅವನೂ ಅವನ ಹೆಂಡತಿ ಗದ್ದೆಮ್ಮನೂ ದೀಕ್ಷಾಸ್ನಾನ ತೆಗೆದುಕೊಂಡರು.

ಬಿಳಿಯರ ಗೋರಿಗಳ ಗುಟ್ಟನ್ನೂ ಉಪದೇಶಿಗಳೇ ಬಿಡಿಸಿದರು. ಮೂಡಲಲ್ಲಿ ಹೊಳೆದ ಮಿಂಚು ಪಡುವಲದವರೆಗೆ ಕಾಣುವ ಹಾಗೆ ಕರ್ತನು ಬರುತ್ತಾನೆ. ಅದಕ್ಕೆ ಹಿಂದಿನವರು ಸತ್ತವರ ತಲೆಯನ್ನು ಪಡುವಲಕ್ಕೂ ಕಾಲನ್ನು ಮೂಡಲಕ್ಕೂ ಮಾಡಿ ಮಲಗಿಸಿದರು, ಎದ್ದು ಕೂತ ಕೂಡಲೇ ಮುಖ ಮೂಡಲಕ್ಕೆ ಇರಬೇಕು ಎಂದು. ಉಪದೇಶಿಗಳು ಇದನ್ನು ಹಳೆಯ ರೂಢಿ ಎಂದು ಹೇಳಿ ಮುಂದಿನ ಮಾತಿಗೆ ಹೋದರು. ಅಂಬಪ್ಪ ಮುಂದೆ ಹೋಗಲಿಲ್ಲ. ಅವನಿಗೆ ಇಡೀ ಉಪದೇಶದಲ್ಲಿ ತನ್ನ ಕೈಗೆ ನಿಲುಕುವ ಭಾಗ ಅದೊಂದೇ. ಮಿಕ್ಕದ್ದನ್ನೆಲ್ಲ ದೇವದೂತರು ಮಾಡಬೇಕು, ದಿಕ್ಕು ಮಾತ್ರ ಕುಣಿ ತೋಡುವವನು ನೋಡಬೇಕು.

ಬಿಳಿಯರ ಗೋರಿಗಳ ಗೋಡೆಯ ಪಕ್ಕದಲ್ಲಿ ಕೇರಿಯ ಕ್ರೈಸ್ತರಿಗೆ ಒಂದು ತುಂಡು ಗರಸಿನ ನೆಲ ಸಿಕ್ಕಿತ್ತು. ಅದಕ್ಕೆ ಜಾಲಿಮುಳ್ಳಿನ ಬೇಲಿ. ಅಲ್ಲಿ ಅಂಬಪ್ಪನ ಕಾಟ ಶುರುವಾಯಿತು. ಸೂರ್ಯ ಹುಟ್ಟುವ ಹೊತ್ತಿಗೆ ಹೋಗಿ ಗೂಟ ನೆಟ್ಟು ಹಗ್ಗ ಎಳೆದ ಹೊರತು ಅವನು ಹಾರೆ ಎತ್ತುತ್ತಿರಲಿಲ್ಲ. ಮೋಡವಿದ್ದರೆ ಸತ್ತವರ ಮನೆಯವರು ಕಾಯಬೇಕು. ಹೆಣವನ್ನು ಇಳಿಸಿದ ಮೇಲೂ ಕುಣಿಯ ತಲೆಗೊಮ್ಮೆ ಕಾಲಿಗೊಮ್ಮೆ ನಿಂತು ನೋಡುತ್ತಿದ್ದ. ಅಳುತ್ತ ನಿಂತವರಿಗೆ ಇವನ ಅಳತೆ ಮುಗಿಯುವಷ್ಟರಲ್ಲಿ ಕಣ್ಣೀರು ಆರಿ ಸಿಟ್ಟು ಬರುತ್ತಿತ್ತು.

ಇನ್ನು ಗದ್ದೆಮ್ಮನ ಸಂಗತಿ. ಚಿಕ್ಕಂದಿನಲ್ಲಿ ಸಿಡುಬು ಬಂದು ಅವಳ ಎರಡೂ ಕಿವಿ ಹೋಗಿದ್ದವು. ಎದುರು ಬಂದು ನಿಂತು ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿಯುತ್ತಿದ್ದಳು, ಆಡದ ಮಾತೂ ಕೆಲವೊಮ್ಮೆ ತಿಳಿಯುತ್ತಿದ್ದಳು. ಹಿಂದಿನಿಂದ ಕರೆದರೆ ಮಾತ್ರ ಡೋಲು ಬಡಿದರೂ ತಿರುಗುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅಂಬಪ್ಪ ಹಿಂದಿನಿಂದ ಕೂಗಿ ಕೂಗಿ ಸಾಕಾಗಿ, ಆಮೇಲೆ ಎದುರು ಹೋಗಿ ಮಾತಾಡುವುದನ್ನು ಕಲಿತ. ಬೆಳಿಗ್ಗೆ ಅವಳನ್ನು ಎಬ್ಬಿಸಬೇಕಾದರೆ ಕಾಲಿನ ಹೆಬ್ಬೆರಳು ಮುಟ್ಟುತ್ತಿದ್ದ. ಭುಜ ಹಿಡಿದು ಅಲ್ಲಾಡಿಸಿದರೆ ಅವಳು ಬೆಚ್ಚಿ ಬೀಳುತ್ತಿದ್ದಳು, ಕಾಲು ಮುಟ್ಟಿದರೆ ಮೆಲ್ಲಗೆ ಕಣ್ಣು ತೆರೆಯುತ್ತಿದ್ದಳು. ಗಂಡಸು ಹೆಂಡತಿಯ ಕಾಲು ಮುಟ್ಟುತ್ತಾನೆ ಎಂದು ಕೇರಿಯವರು ನಕ್ಕರು. ನಗಲಿ ಎಂದು ಅವನು ಬಿಟ್ಟುಬಿಟ್ಟ.

ಬೇವಿನ ಮರದ ಕೆಳಗೆ ಅವಳು ಎಲ್ಲರಿಗಿಂತ ಮುಂದೆ ಕೂರುತ್ತಿದ್ದಳು. ಉಪದೇಶಿಗಳ ಮೀಸೆ ತುಟಿಯನ್ನು ಮುಚ್ಚಿ ಅರ್ಧ ಉಪದೇಶ ತಪ್ಪಿಹೋಗುತ್ತದೆ, ಮೀಸೆ ಕತ್ತರಿಸಿಕೊಳ್ಳಲು ಹೇಳಿ ಎಂದು ಗಂಡನ ಪ್ರಾಣ ತಿಂದಳು. ಅಂಬಪ್ಪ ನಾಚಿಕೊಂಡು ಹೇಳಿದ. ಸತ್ಯದಾಸಪ್ಪ ಮರುದಿನವೇ ಮೀಸೆಯನ್ನು ತುಟಿಯ ಮೇಲಕ್ಕೆ ಕತ್ತರಿಸಿಕೊಂಡು ಬಂದರು. ಅವರ ಬಗ್ಗೆ ನಾನು ಕೊಂಕು ಆಡುತ್ತೇನೆ, ಆದರೆ ಒಬ್ಬ ಕಿವುಡಿಗಾಗಿ ಮೀಸೆ ಕಳೆದುಕೊಂಡ ಬೇರೆ ಬೋಧಕರನ್ನು ನಾನು ಕಂಡಿಲ್ಲ.

ಗದ್ದೆಮ್ಮನಿಗೆ ಘಟಸರ್ಪ ಬೇಕಾಗಿರಲಿಲ್ಲ, ಬೆಂಕಿಯ ಕೆರೆಯೂ ಬೇಕಾಗಿರಲಿಲ್ಲ. ದೇವರು ತಾನೇ ಬಂದು ಕಣ್ಣೀರು ಒರಸುತ್ತಾನೆ ಎಂಬ ಮಾತಿಗೆ ಅವಳು ಗಂಟುಬಿದ್ದಳು. ಅವಳು ಹೆತ್ತ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಒಂದಂತೂ ನಡೆಯಲು ಕಲಿತು, ಅವಳ ಎದುರು ಬಂದು ನಿಂತು ಬಾಯಿ ಆಡಿಸಲು ಕಲಿತ ಮೇಲೆ ಹೋಯಿತು. ಆ ಮಗುವಿನ ದನಿ ಹೇಗಿತ್ತು ಎಂದು ಅವಳಿಗೆ ತಿಳಿಯದು. ಕಣ್ಣೀರು ಒರಸಲಿ, ಬೇಡ ಅನ್ನುವುದಿಲ್ಲ, ಒರಸುವ ಮೊದಲು ಅವನನ್ನು ಒಂದು ಮಾತು ಕೇಳುವುದಿದೆ ಎನ್ನುತ್ತಿದ್ದಳು. ಏನು ಕೇಳುತ್ತೀ ಎಂದರೆ ಗಂಡನಿಗೂ ಹೇಳುತ್ತಿರಲಿಲ್ಲ.

ಆದರೆ ತುತ್ತೂರಿಯ ತೊಡಕು ಇತ್ತಲ್ಲ. ಊದಿದ್ದು ತನಗೆ ಕೇಳುವುದು ಹೇಗೆ ಎಂದು ಅವಳು ಉಪದೇಶಿಗಳನ್ನೇ ಕೇಳಿದಳು. ಆ ದಿನ ಕಿವುಡರ ಕಿವಿ ತೆರೆಯುತ್ತವೆ ಎಂದರು ಅವರು. ಎದ್ದ ಮೇಲೆ ತೆರೆಯುತ್ತವೋ, ಏಳುವ ಮೊದಲೇ ತೆರೆಯುತ್ತವೋ ಎಂದು ಅವಳು ಮತ್ತೆ ಕೇಳಿದಳು. ಸತ್ಯದಾಸಪ್ಪ ಪುಸ್ತಕ ತೆರೆದು ನೋಡಿ, ಮುಚ್ಚಿ, ರಾಯಚೂರಿಗೆ ಹೋದಾಗ ದೊಡ್ಡ ಅಯ್ಯನವರನ್ನು ವಿಚಾರಿಸುತ್ತೇನೆ ಎಂದರು. ಲಿಂಗಾಯತರೇ ಜಾಣರು, ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಅರ್ಧ ಎದ್ದ ಹಾಗೇ ಇರುತ್ತಾರೆ ಎಂದು ಅವಳು ಮನೆಗೆ ಬರುತ್ತ ನಕ್ಕಳು. ಮನೆಗೆ ಬಂದ ಮೇಲೆ ನಗಲಿಲ್ಲ. ಗಂಡನನ್ನು ಎದುರಿಗೆ ಕೂರಿಸಿಕೊಂಡಳು.

“ನನಗ ಕಿವಿ ಇಲ್ಲ, ಕಣ್ಣೊಂದ ಐತಿ,” ಎಂದಳು. “ಬರೂದು ನನಗ ಕಾಣಬೇಕು. ನನ್ನ ಕುಣಿ ನೀವ ತೋಡ್ರಿ. ಬ್ಯಾರೇದವರ ಕೈಗೆ ಕೊಡಬ್ಯಾಡ್ರಿ.”

ಅಂಬಪ್ಪ ಆಗಲಿ ಎಂದು ತಲೆ ಆಡಿಸಿದ. ತಲೆ ಆಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು ಎಂದಳು. ಅವಳಿಗೆ ತುಟಿ ಕಾಣುವ ಹಾಗೆ ಅವನು ಹೇಳಿದ.

ಜರ್ಮನಿ ಲಡಾಯಿ ಮುಗಿಯುವ ಹೊತ್ತಿಗೆ ದೊಡ್ಡ ಜ್ವರ ಬಂತು. ಬೆಳಿಗ್ಗೆ ಹೊಲಕ್ಕೆ ಹೋದವರು ಮಧ್ಯಾಹ್ನ ಮಲಗಿ ಮಾರನೆಯ ದಿನ ಸತ್ತರು. ಸತ್ಯದಾಸಪ್ಪ ಇದೇ ಅಂತ್ಯಕಾಲ, ಸಿದ್ಧರಾಗಿ ಎಂದು ಮನೆಮನೆಗೆ ಹೇಳಿ, ತಾವೇ ಜ್ವರ ಹತ್ತಿಸಿಕೊಂಡು ಮಲಗಿದರು. ಅಂಬಪ್ಪ ಬೇಲಿಯೊಳಗೆ ಸಾಲುಸಾಲಾಗಿ ಕುಣಿ ತೋಡಿದ. ಆಗಲೂ ಹಗ್ಗ ಎಳೆಯುವುದನ್ನು ಬಿಡಲಿಲ್ಲ. ಸಾಲು ಪಡುವಲ ಕಡೆಯ ಬೇಲಿಯನ್ನು ಮುಟ್ಟುವ ಹೊತ್ತಿಗೆ ಅವನ ಕೈಯಿಂದ ಹಾರೆ ಜಾರಿತು. ಎತ್ತಿಕೊಂಡು ಬಂದು ಮನೆಯಲ್ಲಿ ಮಲಗಿಸಿದರು. ಗದ್ದೆಮ್ಮ ಅವನ ಬಾಯಿಗೆ ಗಂಜಿ ಹಾಕುತ್ತ ಹಾಕುತ್ತ ತಾನೂ ಪಕ್ಕದಲ್ಲಿ ಮಲಗಿದಳು. ಅವನು ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾಗ ಅವಳು ಸತ್ತಳು.

ಸುದ್ದಿ ಕೇಳಿ ಅವಳ ತಮ್ಮ ನರಸಣ್ಣ ಮಸ್ಕಿಯಿಂದ ಬಂದ. ಜ್ವರದ ಊರಿಗೆ ಯಾರೂ ಕಾಲಿಡದ ಕಾಲ ಅದು, ಅವನು ಬಂದ. ನರಸಣ್ಣ ಕ್ರೈಸ್ತನಾಗಿರಲಿಲ್ಲ. ಹೆಣ ಹೊರುವವರಿಲ್ಲದೆ ಅಕ್ಕನನ್ನು ತಾನೇ ಬಂಡಿಯಲ್ಲಿ ಹಾಕಿಕೊಂಡು ಹೋಗಿ, ಆ ಪಡುವಲ ಬೇಲಿಯ ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಮಿಕ್ಕ ಕುಣಿಗಳ ಸಾಲು ನೋಡಿಕೊಂಡು ತೋಡಿದ, ಮಲಗಿಸಿದ, ಮಣ್ಣು ಮುಚ್ಚಿದ. ಎರಡು ಕಟ್ಟಿಗೆ ಕಟ್ಟಿ ಶಿಲುಬೆಯನ್ನೂ ನೆಟ್ಟ. ಬಾವ ಎದ್ದು ಕೂರುವವರೆಗೆ ಅಲ್ಲೇ ಇದ್ದು ಅವನಿಗೆ ಅಂಬಲಿ ಕಾಸಿ ಹಾಕಿದ.

ಕಾಲು ನೆಲಕ್ಕೆ ಊರುವ ಹಾಗಾದ ಮೇಲೆ ಅಂಬಪ್ಪ ಸಲಿಕೆಯ ಹಿಡಿಯನ್ನು ಊರಿಕೊಂಡು ಬೇಲಿಯವರೆಗೆ ಹೋದ, ಜೊತೆಗೆ ನರಸಣ್ಣ. ಶಿಲುಬೆಯನ್ನು ತಲೆಯ ಕಡೆಗೆ ನೆಡುವುದು ಪದ್ಧತಿ. ಸಾಲಿನ ಎಲ್ಲ ಶಿಲುಬೆಗಳೂ ಪಡುವಲ ತುದಿಯಲ್ಲಿದ್ದವು, ಗದ್ದೆಮ್ಮನದು ಮಾತ್ರ ಮೂಡಲ ತುದಿಯಲ್ಲಿತ್ತು. ಶಿಲುಬೆಯನ್ನು ಕಾಲ ಕಡೆಗೆ ನೆಟ್ಟಿದ್ದೀಯಲ್ಲ ಎಂದು ಅಂಬಪ್ಪ ಕೇಳಿದ.

“ಇಲ್ಲ ಬಾವ, ತಲಿ ಕಡೀಗೇ ನೆಟ್ಟೀನಿ,” ಎಂದ ನರಸಣ್ಣ. “ಅಕ್ಕಗ ಮೂಡಲಕ್ಕ ತಲಿ ಮಾಡಿ ಮಲಗಿಸೀನಿ. ಎಲ್ಲಾರ್ನೂ ಪಡುವಲಕ್ಕ ತಲಿ ಮಾಡಿ ಹಾಕ್ಯಾರ ಅಂತ ಗೊತ್ತಿತ್ತು. ನಮ್ಮ ಅಕ್ಕನ್ನ ಹಂಗ ಹಾಕಾಕ ನನಗ ಮನಸಾಗಲಿಲ್ಲ.”

ಮೂಡಲಕ್ಕೆ ತಲೆಯಿಟ್ಟು ಮಲಗುವುದು ಒಳ್ಳೆಯದು ಎಂದು ನಮ್ಮ ಕಡೆ ಹಸುಗೂಸಿನಿಂದಲೇ ಹೇಳಿಕೊಡುತ್ತಾರೆ. ಅವ್ವ ಮಗುವನ್ನು ಮಲಗಿಸುವುದು ಹಾಗೆ, ಮನೆಗೆ ಬಂದ ನೆಂಟರಿಗೆ ಹಾಸುವುದೂ ಹಾಗೆ. ನರಸಣ್ಣ ತನಗೆ ಗೊತ್ತಿದ್ದ ಅತ್ಯುತ್ತಮ ದಿಕ್ಕನ್ನು ಅಕ್ಕನಿಗೆ ಕೊಟ್ಟಿದ್ದ. ಈಗ ಆ ದಿನ ಬಂದರೆ ಸಾಲಿನವರೆಲ್ಲ ಎದ್ದು ಮೂಡಲ ನೋಡುತ್ತ ಕೂರುತ್ತಾರೆ, ಗದ್ದೆಮ್ಮ ಒಬ್ಬಳು ಬೇಲಿ ನೋಡುತ್ತ ಕೂರುತ್ತಾಳೆ. ಹಿಂದಿನಿಂದ ಯಾರು ಕೂಗಿದರೂ ಅವಳಿಗೆ ಕೇಳುವುದಿಲ್ಲ.

ಅಂಬಪ್ಪ ನರಸಣ್ಣನಿಗೆ ಒಂದು ಮಾತೂ ಹೇಳಲಿಲ್ಲ. ಮಸ್ಕಿಗೆ ಹೋಗುವಾಗ ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಕಳಿಸಿದ. ನರಸಣ್ಣ ತಾನು ಬದುಕಿದ್ದಷ್ಟು ಕಾಲ, ಅಕ್ಕನ ಮಣ್ಣನ್ನು ಚೆನ್ನಾಗಿ ಮಾಡಿದೆ ಎಂದು ಮಸ್ಕಿಯಲ್ಲಿ ಹೇಳಿಕೊಳ್ಳುತ್ತಿದ್ದ. ಅದನ್ನು ಅವನಿಂದ ಕಿತ್ತುಕೊಳ್ಳಲು ಅಂಬಪ್ಪನಿಗೆ ಮನಸ್ಸಾಗಲಿಲ್ಲ, ಅದಕ್ಕೆ ನಾನು ಅಂಬಪ್ಪನನ್ನು ಮೆಚ್ಚುತ್ತೇನೆ.

ಸತ್ಯದಾಸಪ್ಪ ಚೇತರಿಸಿಕೊಂಡ ಮೇಲೆ ಅಂಬಪ್ಪ ಅವರ ಮುಂದೆ ಹೋಗಿ ನಿಂತ. ಕುಣಿ ತೆಗೆದು ಅವಳನ್ನು ತಿರುಗಿಸಲು ಅಪ್ಪಣೆ ಕೇಳಿದ. ಅವರು ಗಾಬರಿಯಾದರು. ದಿಕ್ಕು ಬರಿಯ ರೂಢಿ, ದೇವರ ಕಣ್ಣಿಗೆ ಮೂಡಲ ಪಡುವಲ ಎಲ್ಲ ಒಂದೇ, ಯಾರು ಎಲ್ಲಿ ಬಿದ್ದಿದ್ದರೂ ಎಬ್ಬಿಸುತ್ತಾನೆ ಎಂದು ಬಹಳ ಹೊತ್ತು ಸಮಾಧಾನ ಹೇಳಿದರು. ಮಾತು ಸರಿಯಾಗಿಯೇ ಇತ್ತು. ಎಬ್ಬಿಸುವುದರ ಬಗ್ಗೆ ಅಂಬಪ್ಪನಿಗೆ ಸಂಶಯವಿರಲಿಲ್ಲ. ಎದ್ದ ಮೇಲೆ ಅವಳು ಯಾವ ಕಡೆ ನೋಡುತ್ತಾಳೆ ಎಂಬುದು ಅವನ ಚಿಂತೆ. ತಾನು ಬಾಯಿಬಿಟ್ಟು ಕೊಟ್ಟ ಮಾತು ಅದೊಂದೇ, ಅದೂ ಹುಸಿಯಾಯಿತು ಎಂದು ಅತ್ತುಕೊಂಡು ಮನೆಗೆ ಬಂದ. ಶಿಲುಬೆಯನ್ನು ಕಿತ್ತು ಪಡುವಲ ತುದಿಗೆ ನೆಟ್ಟುಬಿಡು, ಯಾರಿಗೂ ತಿಳಿಯುವುದಿಲ್ಲ ಎಂದು ಕೇರಿಯಲ್ಲಿ ಒಬ್ಬರು ಬುದ್ಧಿ ಹೇಳಿದರು. ಇಂಥ ಬುದ್ಧಿ ಹೇಳುವವರಿಗೆ ಯಾವ ಕಾಲದಲ್ಲೂ ಬರವಿಲ್ಲ.

ಒಂದು ಬೆಳಿಗ್ಗೆ ಅವನು ಯಾರ ಅಪ್ಪಣೆಗೂ ಕಾಯದೆ ಸಲಿಕೆ ಹಿಡಿದು ಹೋದ. ಮೇಲಿನ ಮಣ್ಣು ಒಂದಿಷ್ಟು ಸರಿಸಿದ, ನಿಲ್ಲಿಸಿದ, ಮತ್ತೆ ಮುಚ್ಚಿದ. ಖಬರಸ್ತಾನದ ಕಡೆಗೆ ಹೊರಟಿದ್ದ ದಾದೇಸಾಬ ಇದನ್ನು ಕಂಡು ಬೇಲಿಯ ಹತ್ತಿರ ಬಂದ. ಯಾಕೆ ಬಿಟ್ಟೆ ಎಂದು ಕೇಳಿದ.

“ತಿರುಗಿಸಬೇಕಂದ್ರ ಕಾಲು ಹಿಡೀಬೇಕಲ್ಲ, ಭಾಯ್,” ಎಂದ ಅಂಬಪ್ಪ. “ನಾ ಕಾಲು ಮುಟ್ಟಿದ್ರ ಆಕಿಗೆ ಆ ದಿನ ಬಂತು ಅನಸ್ತೈತಿ. ಎದ್ದು ನೋಡಿದ್ರ ನಾ ಒಬ್ಬನ ಇರ್ತೀನಿ.”

ದಾದೇಸಾಬ ನಗುವವನು, ಅವತ್ತು ನಗಲಿಲ್ಲ. ಇಬ್ಬರೂ ಗೋಡೆಯ ನೆರಳಿಗೆ ಕೂತು ಬೀಡಿ ಸೇದಿದರು. ಎಲ್ಲ ಕೇಳಿಸಿಕೊಂಡ ಮೇಲೆ ದಾದೇಸಾಬ ತನ್ನ ಕಡೆಯ ಸಂಗತಿ ಹೇಳಿದ. ಅವರಲ್ಲಿ ತಲೆಯನ್ನು ಬಡಗಲಕ್ಕೆ ಮಾಡಿ, ಮುಖವನ್ನು ಮಕ್ಕಾದ ಕಡೆಗೆ, ಅಂದರೆ ಪಡುವಲಕ್ಕೆ ತಿರುಗಿಸಿ ಮಲಗಿಸುತ್ತಾರೆ. ಕಯಾಮತ್ತಿನ ಕಾಲಕ್ಕೆ ಕೇಡನ್ನು ಕೊಲ್ಲಲು ಹಜ್ರತ್ ಈಸಾ ಇಳಿದು ಬರುತ್ತಾರೆ ಎಂದು ಅವರ ಮುಲ್ಲಾ ಕೂಡ ಹೇಳುತ್ತಾನೆ. ನಿಮ್ಮ ಯೇಸುವೇ ನಮ್ಮ ಈಸಾ. ಇಳಿಯುವುದು ಶಾಮ್ ದೇಶದಲ್ಲಿ. ಆ ದೇಶ ಇಲ್ಲಿಂದ ಎಲ್ಲಿದೆ ಎಂದು ಅಂಬಪ್ಪ ಕೇಳಿದ. ದಾದೇಸಾಬ ಬೀಡಿ ಹಿಡಿದ ಕೈಯನ್ನು ಬೇಲಿಯ ಆಚೆಗೆ, ಗದ್ದೆಮ್ಮನ ಕಾಲು ಇದ್ದ ಕಡೆಗೆ ಚಾಚಿದ.

ಅಂಬಪ್ಪ ನೇರವಾಗಿ ಉಪದೇಶಿಗಳ ಹತ್ತಿರ ಹೋಗಿ ಕರ್ತನು ಹುಟ್ಟಿದ ಊರು ಯಾವ ದಿಕ್ಕಿಗಿದೆ ಎಂದು ಕೇಳಿದ. ಸತ್ಯದಾಸಪ್ಪ ಮಿಶನ್ ಶಾಲೆಯ ನಕಾಶೆಯನ್ನು ಗೋಡೆಗೆ ತೂಗುಹಾಕಿ ಬೆರಳಿಟ್ಟು ತೋರಿಸಿದರು. ಪಡುವಲಕ್ಕೇ ಇತ್ತು. ತನ್ನ ಊರಿಂದ ಹೊರಟರೆ ಆತ ಇಲ್ಲಿಗೆ ಪಡುವಲದಿಂದ ಬರಬೇಕಲ್ಲವೇ ಎಂದ ಅಂಬಪ್ಪ. ಆತ ಊರಿಂದ ಬರುವುದಿಲ್ಲ, ಆಕಾಶದಿಂದ ಬರುತ್ತಾನೆ ಎಂದು ಉಪದೇಶಿಗಳು ನಕಾಶೆ ಸುತ್ತಿಟ್ಟರು. ಅಂಬಪ್ಪನಿಗೆ ಇದರಿಂದ ಸಮಾಧಾನ ಆಯಿತೋ ಎಂದರೆ, ಅರ್ಧ ಆಯಿತು. ಮೊದಲು ಅವನಿಗೆ ಗದ್ದೆಮ್ಮ ಒಬ್ಬಳ ಚಿಂತೆ ಇತ್ತು. ಈಗ ಹಗ್ಗ ಎಳೆದು ಮೂಡಲಕ್ಕೆ ಮುಖ ಮಾಡಿ ಮಲಗಿಸಿದ ಮಿಕ್ಕವರ ಚಿಂತೆಯೂ ಸೇರಿಕೊಂಡಿತು.

ಹಾಗೆ ವರ್ಷಗಳು ಹೋದವು. ಇನ್ನೊಂದು ಮದುವೆ ಮಾಡಿಕೋ ಎಂದವರ ಮಾತನ್ನು ಅವನು ಗದ್ದೆಮ್ಮನ ಹಾಗೆ ಕೇಳಿಸಿಕೊಳ್ಳಲೇ ಇಲ್ಲ. ಗೌಡನ ಬೇಗಾರಿಯನ್ನು ಉಪದೇಶಿಗಳ ಬೆಂಬಲದಿಂದ ಬಿಟ್ಟ, ಒಮ್ಮೆ ಕಲ್ಲು ಹೊತ್ತು ನಿಂತ, ಆಮೇಲೆ ಗೌಡನ ಕಡೆಯವರೂ ಅವನನ್ನು ಬಿಟ್ಟರು. ವಿರೂಪಾಕ್ಷಪ್ಪ ಮುದುಕನಾಗಿ ಸತ್ತಾಗ ಕುಣಿ ತೋಡಲು ಯಾರೂ ಸಿಗದೆ ಅವನ ಮಗ ಕೇರಿಗೆ ಬಂದ. ಅಂಬಪ್ಪ ಕೂಲಿ ಕೇಳಿದ, ಕೊಟ್ಟರು, ಹೋಗಿ ತೋಡಿದ. ಘಟಸರ್ಪ ಎಂದು ಕೇರಿಯವರು ಹೇಳುತ್ತಿದ್ದ ಮನುಷ್ಯ ಕುಣಿಯಲ್ಲಿ ಕೂತಾಗ ಬಹಳ ಸಣ್ಣಗೆ ಕಂಡ ಎಂದಷ್ಟೇ ಬಂದು ಹೇಳಿದ.

ಸತ್ಯದಾಸಪ್ಪನವರಿಗೆ ರಾಯಚೂರಿಗೆ ವರ್ಗವಾಯಿತು. ಅವರಾದ ಮೇಲೆ ಬಂದವರೂ ಬರಗಾಲ ಬಂದಾಗೊಮ್ಮೆ, ಪ್ಲೇಗು ಬಂದಾಗೊಮ್ಮೆ ಅಂತ್ಯಕಾಲ ಬಂತೆಂದು ಸಾರಿದರು. ಎರಡನೆಯ ಲಡಾಯಿ ಶುರುವಾಗಿ ಜೋಳ ಸಿಗುವುದು ಕಷ್ಟವಾದಾಗ ಕೇರಿಗೆ ಇದ್ದವರು ಉಪದೇಶಿ ಪ್ರಸನ್ನಪ್ಪ. ಪಾಠಶಾಲೆಯಿಂದ ಹೊಸದಾಗಿ ಹೊರಬಂದ ತರುಣ, ಎಲ್ಲದಕ್ಕೂ ನಿಯಮ ನೋಡುವವರು. ಅವರ ಕಾಲದಲ್ಲಿ ಅಂಬಪ್ಪ ಹಾಸಿಗೆ ಹಿಡಿದ. ದಾದೇಸಾಬ ತನ್ನ ಮನೆಯಿಂದ ಗಂಜಿ ತಂದು ಹಾಕುತ್ತಿದ್ದ. ಅಂಬಪ್ಪ ಒಂದು ದಿನ ಉಪದೇಶಿಗಳನ್ನೂ ಅವನನ್ನೂ ಎದುರಿಗೆ ಕರೆಸಿಕೊಂಡು, ತನ್ನನ್ನು ಎಲ್ಲಿ ಹೂಳಬೇಕು ಎಂದು ಹೇಳಿದ. ಬೇಲಿಯ ಆಚೆ, ಗದ್ದೆಮ್ಮನ ಕಾಲ್ದೆಸೆಯಲ್ಲಿ.

ಪ್ರಸನ್ನಪ್ಪ ಒಪ್ಪಲಿಲ್ಲ. ಬೇಲಿಯ ಆಚೆ ದೀಕ್ಷಾಸ್ನಾನವಿಲ್ಲದವರನ್ನೂ ಸಭೆಯಿಂದ ಹೊರಹಾಕಿದವರನ್ನೂ ಮಾತ್ರ ಹೂಳುತ್ತಿದ್ದರು. ಒಂದು ಆಯುಷ್ಯವೆಲ್ಲ ಸಭೆಗೆ ದುಡಿದವನನ್ನು ಅಲ್ಲಿ ಹಾಕಿದರೆ ಜನ ಏನೆಂದುಕೊಂಡಾರು ಎಂದರು. ಒಳಗೆ ಮೊದಲನೆಯ ಸಾಲಿನಲ್ಲಿ ಅವನಿಗಾಗಿಯೇ ಒಂದು ಜಾಗ ಇಡಲಾಗಿದೆ, ಎಲ್ಲರಿಗಿಂತ ಮುಂದೆ, ಮೂಡಲಕ್ಕೆ ಮುಖ ಮಾಡಿ ಎಂದೂ ಹೇಳಿದರು. ಅಂಬಪ್ಪ ತಲೆ ಅಲ್ಲಾಡಿಸಿದ.

“ನನ್ನನ್ನೂ ಮೂಡಲಕ್ಕ ಮಾರಿ ಮಾಡೇ ಮಲಗಸ್ರಿ, ಅಯ್ಯಾರ, ಅದಕ್ಕ ಬ್ಯಾಡ ಅನ್ನೂದಿಲ್ಲ,” ಎಂದ. “ಆಕಿ ಪಡುವಲಕ್ಕ ಮಾರಿ ಮಾಡ್ಯಾಳ. ಎದ್ದಾಗ ನಾ ಆಕಿ ಎದುರಿಗೆ ಇರಬೇಕು. ಆತ ಮೂಡಲದಿಂದ ಬಂದ್ರ ನಾ ನೋಡಿ ಆಕಿಗೆ ಹೇಳ್ತೀನಿ. ಪಡುವಲದಿಂದ ಬಂದ್ರ ಆಕಿ ನೋಡಿ ನನಗ ಹೇಳ್ತಾಳ.”

ಪ್ರಸನ್ನಪ್ಪನವರಿಗೆ ಇದಕ್ಕೆ ಯಾವ ನಿಯಮ ಹಚ್ಚಬೇಕೋ ತೋಚಲಿಲ್ಲ. ಬೇಲಿ ಬೇಲಿಯೇ ಎಂದು ಹೇಳಿ ಎದ್ದರು. ಆಗ ದಾದೇಸಾಬ ಮೊದಲ ಸಲ ಬಾಯಿ ಹಾಕಿದ. ಬೇಲಿ ಕಲ್ಲಿನದಲ್ಲ, ಮುಳ್ಳಿನದು, ಕಿತ್ತು ಒಂದು ಆಳಿನಷ್ಟು ಆಚೆಗೆ ನೆಟ್ಟರೆ ಅಂಬಪ್ಪ ಒಳಗೇ ಬಂದ ಹಾಗಾಯಿತಲ್ಲ ಎಂದ. ಅದು ಸರ್ಕಾರಿ ನೆಲ ಎಂದರು ಪ್ರಸನ್ನಪ್ಪ. ಕಂದಾಯದ ಗಿರ್ದಾವರ್ ಸಾಹೇಬರ ಅಪ್ಪನ ಕುಣಿ ತೋಡಿದವನು ನಾನೇ, ಅವರ ಹತ್ತಿರ ನಾನು ಮಾತಾಡುತ್ತೇನೆ ಎಂದ ದಾದೇಸಾಬ. ಉಪದೇಶಿಗಳು ನೋಡೋಣ ಎಂದು ಹೊರಟುಹೋದರು. ನೋಡೋಣ ಎಂದರೆ ಇಲ್ಲ ಎಂದು ಅರ್ಥ ಎನ್ನುವುದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಬಪ್ಪನಿಗೂ ಗೊತ್ತಿತ್ತು. ಅವನು ದಾದೇಸಾಬನ ಮುಖ ನೋಡಿದ, ದಾದೇಸಾಬ ಅವನಿಗೆ ತುಟಿ ಕಾಣುವ ಹಾಗೆ ಆಗಲಿ ಎಂದ.

ಮುಂಗಾರು ಹಿಡಿಯುವ ಮೊದಲು ಅಂಬಪ್ಪ ತೀರಿಕೊಂಡ. ಕೇರಿಯವರು ಏಳುವ ಹೊತ್ತಿಗೆ ದಾದೇಸಾಬ ಹಾರೆ ಸಲಿಕೆ ತಂದು ಬೇಲಿಯ ಆಚೆ ನಿಂತಿದ್ದ. ಕ್ರೈಸ್ತರ ಕುಣಿಯನ್ನು ಅವನು ಅದುವರೆಗೆ ತೋಡಿರಲಿಲ್ಲ. ಅಂಬಪ್ಪನ ಗೂಟಗಳನ್ನೇ ನೆಟ್ಟು, ಅಂಬಪ್ಪನ ಹಗ್ಗವನ್ನೇ ಎಳೆದು, ಸೂರ್ಯ ಕಾಣಿಸಿದ ಮೇಲೆ ತೋಡಲು ಶುರು ಮಾಡಿದ. ಗರಸು ನೆಲ ಗಟ್ಟಿಯಾಗಿತ್ತು. ಅವನಿಗೂ ವಯಸ್ಸಾಗಿತ್ತು, ನಡುನಡುವೆ ಕೂತು ಏದುಸಿರು ಬಿಡುತ್ತಿದ್ದ.

ಸುದ್ದಿ ತಿಳಿದು ಉಪದೇಶಿ ಪ್ರಸನ್ನಪ್ಪ ಛತ್ರಿ ಹಿಡಿದು ಬಂದರು. ಜಗಳಕ್ಕೇ ಬಂದಿದ್ದಾರೆಂದು ಕೇರಿಯವರು ದೂರ ನಿಂತರು. ಅವರು ಬೇಲಿಯ ಈಚೆ ನಿಂತು ಕುಣಿಯನ್ನೂ ಗದ್ದೆಮ್ಮನ ಮಣ್ಣನ್ನೂ ನೋಡಿದರು. ಎರಡರ ನಡುವೆ ಗೇಣಗಲದ ನೆಲ ಮಾತ್ರ ಉಳಿದಿತ್ತು, ಅದರ ಮೇಲೆ ಬೇಲಿಯ ಮುಳ್ಳು. ಹೂಳಲೇಬೇಕೆಂದಿದ್ದರೆ ಇನ್ನೂ ಸ್ವಲ್ಪ ಹಿಂದಕ್ಕೆ ತೋಡಬಹುದಿತ್ತು, ಎರಡು ಕುಣಿಗಳ ನಡುವೆ ಇಷ್ಟು ಜಾಗ ಬಿಡಬೇಕೆಂದು ಪದ್ಧತಿ ಇದೆ, ಇಷ್ಟು ಹತ್ತಿರ ಯಾಕೆ ಎಂದು ಕೇಳಿದರು.

ದಾದೇಸಾಬ ಕುಣಿಯೊಳಗಿನಿಂದ ತಲೆ ಎತ್ತಿ, ಅವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನೋಡಿದ.

“ಆಕಿಗೆ ಕಿವಿ ಕೇಳೂದಿಲ್ಲ, ಅಯ್ಯಾರ,” ಎಂದ. “ಇಂವ ಕಾಲು ಚಾಚಿ ಮುಟ್ಟಿ ಎಬ್ಬಸಬೇಕು.”

ಪ್ರಸನ್ನಪ್ಪ ಛತ್ರಿಯನ್ನು ಮಡಚಿ ನೆಲಕ್ಕಿಟ್ಟು, ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಬೇಲಿಯ ಮುಳ್ಳನ್ನು ಕೀಳತೊಡಗಿದರು.